ಹುಲ್ಲುನೆತ್ತಿಯ ಹಾದಿ

ಕರ್ನಾಟಕದ ಚಾರಣಿಗರಿಗೆ ಬೆಟ್ಟವೆಂದರೆ ಮೊದಲು ನೆನಪಾಗುವುದು ಪಶ್ಚಿಮಘಟ್ಟ. ತಪತಿ ನದಿಯ ದಕ್ಷಿಣದಿಂದ ಕನ್ಯಾಕುಮಾರಿಯ ಹತ್ತಿರದವರೆಗೆ ಆರು ರಾಜ್ಯಗಳಲ್ಲಿ ಸುಮಾರು 1,600 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಈ ಗಿರಿಶ್ರೇಣಿಯ 39 ತಾಣಗಳನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅವುಗಳಲ್ಲಿ ಹತ್ತು ಕರ್ನಾಟಕದವೇ ಆಗಿದ್ದವು. ಕುದುರೆಮುಖ, ಆಗುಂಬೆ, ಸೋಮೇಶ್ವರ, ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಮುಂತಾದ ಹೆಸರುಗಳು ಆ ಪಟ್ಟಿಯಲ್ಲಿವೆ. ಎತ್ತರದ ಲೆಕ್ಕದಲ್ಲಿ ಇವು ಮಹಾಪರ್ವತಗಳಲ್ಲ. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ತಡಿಯಂಡಮೋಳ್ 1,748 ಮೀಟರ್, ಕುಮಾರಪರ್ವತ 1,712 ಮೀಟರ್, ಕೊಡಚಾದ್ರಿ 1,343 ಮೀಟರ್. ಹಿಮಾಲಯದಲ್ಲಾದರೆ ಇಷ್ಟು ಎತ್ತರದಲ್ಲಿ ಊರು, ಶಾಲೆ, ಬಸ್ ನಿಲ್ದಾಣಗಳಿರುತ್ತವೆ. ಆದರೂ ಘಟ್ಟದ ಚಾರಣಕ್ಕೆ ತನ್ನದೇ ಆದ ಘನತೆಯಿದೆ. ಒಂದೇ ಹಗಲಿನ ನಡಿಗೆಯಲ್ಲಿ ಇಲ್ಲಿ ತಪ್ಪಲಿನ ಅಡಿಕೆ ತೋಟ, ನಡುವಿನ ಮಳೆಕಾಡು, ನೆತ್ತಿಯ ಹುಲ್ಲುಗಾವಲು ಎಂಬ ಮೂರು ಬೇರೆ ಬೇರೆ ಜೀವಲೋಕಗಳು ಒಂದರ ಮೇಲೊಂದು ಎದುರಾಗುತ್ತವೆ. ಈ ಮೂರರಲ್ಲಿ ಎಲ್ಲರೂ ತಲುಪಲು ಹಂಬಲಿಸುವ ನೆತ್ತಿಯ ಹುಲ್ಲುಗಾವಲೇ ಅತ್ಯಂತ ನಾಜೂಕಾದ ನೆಲ. ಎಲ್ಲಕ್ಕಿಂತ ಕಡಿಮೆ ಕಾಳಜಿಗೆ ಪಾತ್ರವಾಗಿರುವುದೂ ಅದೇ.

ಈ ಮೂರು ಸ್ತರಗಳನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತಕ್ಕೆ ಏರುವ ದಾರಿ. ಕ್ಷೇತ್ರವು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಷ್ಟೇ ಇರುವುದರಿಂದ ಶಿಖರ ಮುಟ್ಟುವವರು ಹನ್ನೆರಡು–ಹದಿಮೂರು ಕಿಲೋಮೀಟರ್ ದೂರದಲ್ಲಿ ಸುಮಾರು 1,600 ಮೀಟರ್ ಮೇಲೇರಬೇಕಾಗುತ್ತದೆ. ಎತ್ತರ ಒಂದು ಕಿಲೋಮೀಟರ್ ಹೆಚ್ಚಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆಂಬ ಹವಾಮಾನಶಾಸ್ತ್ರದ ಲೆಕ್ಕವನ್ನು ಹಿಡಿದರೆ, ಬೆಳಿಗ್ಗೆ ತಪ್ಪಲಲ್ಲಿ ಬೆವರಿದವರು ಸಂಜೆ ನೆತ್ತಿಯಲ್ಲಿ ಹತ್ತು ಡಿಗ್ರಿ ಕಡಿಮೆ ಬಿಸಿಯ ಗಾಳಿಯಲ್ಲಿ ನಿಂತಿರುತ್ತಾರೆ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹೊರಡುವ ಇನ್ನೊಂದು ದಾರಿ ಘಟ್ಟದ ಮೇಲಣ ನೆಲದಿಂದಲೇ ಆರಂಭವಾಗುವ ಕಾರಣ ಚಿಕ್ಕದು, ಆದರೆ ಕೊನೆಯ ಬಂಡೆಯೇರು ಕಡಿದಾದದ್ದು, ಮಳೆ ಬಿದ್ದರೆ ಜಾರುವಂಥದ್ದು. ಈ ಬೆಟ್ಟದಲ್ಲಿ ಹುಟ್ಟುವ ಕುಮಾರಧಾರಾ ನದಿ ಮಲ್ಲಳ್ಳಿಯಲ್ಲಿ ಧುಮುಕಿ, ಸುಬ್ರಹ್ಮಣ್ಯದ ಸ್ನಾನಘಟ್ಟವನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಕ್ಷೇತ್ರಕ್ಕೆ ಬರುವ ಭಕ್ತರು ಮೀಯುವ ನೀರು ಚಾರಣಿಗರು ತುಳಿಯುವ ನೆಲದಿಂದಲೇ ಇಳಿದು ಬಂದದ್ದು ಎಂಬ ಸಂಗತಿ ಎರಡೂ ಕಡೆಯವರ ಗಮನಕ್ಕೆ ಅಷ್ಟಾಗಿ ಬಂದಿಲ್ಲ.

ದಾರಿಯ ಮೊದಲ ಭಾಗ ಪೂರ್ತಿ ಮಳೆಕಾಡು. ವರ್ಷದ ಬಹುಕಾಲ ತೇವವನ್ನು ಹಿಡಿದಿಟ್ಟುಕೊಂಡು, ಎಲ್ಲ ಮರಗಳೂ ಒಮ್ಮೆಲೇ ಎಲೆ ಉದುರಿಸದೆ ಸದಾ ಹಸಿರಾಗಿರುವ ಕಾಡನ್ನು ಮಳೆಕಾಡು ಅಥವಾ ನಿತ್ಯಹರಿದ್ವರ್ಣದ ಕಾಡು ಎನ್ನುತ್ತಾರೆ. ಮಲೆನಾಡಿನ ಮಾತಿನಲ್ಲಿ ಇದು ಕಾನು. ಬಲಿಗೆ, ಧೂಪ, ನಾಗಸಂಪಿಗೆ, ಸುರಹೊನ್ನೆಯಂಥ ಎತ್ತರದ ಮರಗಳ ತಲೆಗಳು ಒಂದಕ್ಕೊಂದು ತಾಗಿಕೊಂಡು ಮೇಲೊಂದು ಹಸಿರು ಚಾವಣಿ ಕಟ್ಟುವುದರಿಂದ ನೆಲಕ್ಕೆ ಇಳಿಯುವ ಬಿಸಿಲು ಅತ್ಯಲ್ಪ. ಅದಕ್ಕೇ ಕಾನಿನೊಳಗೆ ನಡುಹಗಲಲ್ಲೂ ಮಬ್ಬು, ಕಾಲಡಿ ಒದ್ದೆ ಎಲೆಗಳ ಮೆತ್ತನೆಯ ಪದರ. ಪಶ್ಚಿಮಘಟ್ಟದಲ್ಲಲ್ಲದೆ ಲೋಕದ ಬೇರೆಲ್ಲೂ ಕಾಡುಪ್ರಾಣಿಯಾಗಿ ಕಾಣಸಿಗದ ಸಿಂಗಳೀಕ ತನ್ನ ಬದುಕಿನ ಬಹುಪಾಲನ್ನು ಈ ಚಾವಣಿಯಲ್ಲೇ ಕಳೆಯುತ್ತದೆ. ಮರದ ಪೊಟರೆಯಲ್ಲಿ ಗೂಡು ಮಾಡುವ ಮಂಗಟ್ಟೆ ಹಕ್ಕಿಯ ಹೆಣ್ಣು, ಪೊಟರೆಯ ಬಾಯನ್ನು ಒಂದು ಸೀಳಿನಷ್ಟು ಬಿಟ್ಟು ಮುಚ್ಚಿಕೊಂಡು ಒಳಗೆ ಕಾವು ಕೂರುತ್ತದೆ. ಗಂಡು ಅದಕ್ಕೆ ಹಣ್ಣು ತಂದು ಉಣಿಸುತ್ತದೆ; ಈ ಹಕ್ಕಿಗಳು ತಿಂದ ಹಣ್ಣುಗಳ ಬೀಜಗಳು ಕಾಡಿನ ಉದ್ದಗಲಕ್ಕೆ ಬಿತ್ತನೆಯಾಗುತ್ತವೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದು ಇಲ್ಲಿನ ಕಾಳಿಂಗ ಸರ್ಪದ ಸಲುವಾಗಿಯೇ. ಅದುವರೆಗೆ ಒಂದೇ ಎಂದು ತಿಳಿಯಲಾಗಿದ್ದ ಈ ಹಾವನ್ನು 2024ರಲ್ಲಿ ವಿಜ್ಞಾನಿಗಳು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದಾಗ ಪಶ್ಚಿಮಘಟ್ಟದ ಹಾವಿನ ವೈಜ್ಞಾನಿಕ ಹೆಸರಿಗೂ ಕಾಳಿಂಗವೆಂಬ ಪದವೇ ಸೇರಿತು.

ಇಂಥ ಕಾಡಿನೊಳಗಿನ ಕಾಲುದಾರಿ ಸಾಮಾನ್ಯವಾಗಿ ಗಟ್ಟಿಮುಟ್ಟಾಗಿರುತ್ತದೆ. ಮರಗಳ ಬೇರುಗಳು ಹಾದಿಗೆ ಅಡ್ಡಲಾಗಿ ಹೆಣೆದುಕೊಂಡು ಮಣ್ಣನ್ನು ಹಿಡಿದಿರುತ್ತವೆ, ಮೇಲಿನ ಚಾವಣಿ ಮಳೆಹನಿಯ ರಭಸವನ್ನು ಮುರಿಯುತ್ತದೆ, ತರಗೆಲೆ ಉಳಿದ ಪೆಟ್ಟನ್ನು ತಾಳಿಕೊಳ್ಳುತ್ತದೆ. ನಡೆಯುವವರು ಹೆಚ್ಚಾದರೆ ಇಲ್ಲಿಯೂ ಬೇರು ಸವೆಯುತ್ತದೆ, ಗದ್ದಲಕ್ಕೆ ಪ್ರಾಣಿಗಳು ದೂರ ಸರಿಯುತ್ತವೆ, ನಿಜ. ಆದರೆ ಹಾದಿಯ ಎರಡು ಬದಿಯ ಗಿಡಗಂಟಿಗಳೇ ಜನರನ್ನು ಸಾಲಾಗಿ ನಡೆಯುವಂತೆ ಮಾಡುವುದರಿಂದ ಹಾನಿ ಒಂದು ಗೆರೆಯಲ್ಲಿ ಉಳಿದುಕೊಳ್ಳುತ್ತದೆ.

ಕಾಡು ಮುಗಿದು ಬಯಲು ತೆರೆದುಕೊಳ್ಳುವ ಹೊತ್ತಿಗೆ ಗಿರಿಗದ್ದೆಯ ಮನೆ ಸಿಗುತ್ತದೆ. ಚಾರಣಿಗರೆಲ್ಲ ಭಟ್ಟರ ಮನೆಯೆಂದೇ ಕರೆಯುವ ಈ ಒಂಟಿ ಮನೆಯಲ್ಲಿ ದಶಕಗಳಿಂದ ದಾರಿಹೋಕರಿಗೆ ಊಟ, ವಸತಿ ದೊರೆಯುತ್ತ ಬಂದಿದೆ. ಅನ್ನ, ಸಾರು, ಮಜ್ಜಿಗೆಯ ಆ ಊಟದ ಹೆಸರು ಕುಮಾರಪರ್ವತದ ಹೆಸರಿನ ಜೊತೆಗೇ ಹಬ್ಬಿದೆ. ಶಿವರಾಮ ಕಾರಂತರು 1943ರಲ್ಲಿ ಪ್ರಕಟಿಸಿದ ‘ಬೆಟ್ಟದ ಜೀವ’ ಕಾದಂಬರಿಯ ಆವರಣ ಇದೇ ಬೆಟ್ಟದ ಕೆಳಗಿನ ಕಾಡು. ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ವೃದ್ಧ ದಂಪತಿಯ ಮನೆಯಲ್ಲಿ ಅತಿಥಿಯಾಗಿ ತಂಗುವುದು ಅದರ ಕಥಾವಸ್ತು. ಚಾರಣವನ್ನು ‘ಜನರಿಲ್ಲದ ಕಾಡಿನಲ್ಲಿ ಸಾಹಸ’ ಎಂದು ಮಾರುವ ಜಾಹೀರಾತುಗಳ ಕಾಲದಲ್ಲಿ ಈ ಕಾದಂಬರಿ ಮತ್ತು ಈ ಮನೆ ನೆನಪಿಸುವ ಸಂಗತಿ ಮುಖ್ಯವಾದುದು: ಘಟ್ಟದಲ್ಲಿ ಜನ ಹಿಂದಿನಿಂದಲೂ ಇದ್ದಾರೆ, ಇಲ್ಲಿನ ಹಾದಿಗಳು ಅವರ ಹಾದಿಗಳು. ಗಾಡಿರಸ್ತೆ ಬರುವ ಮೊದಲು ಘಟ್ಟದ ಮೇಲಿನ ಅಕ್ಕಿ, ಮೆಣಸು, ಅಡಿಕೆಯನ್ನು ಹೇರೆತ್ತುಗಳು ಕೆಳಗಿಳಿಸಿ ಉಪ್ಪನ್ನೂ ಒಣಮೀನನ್ನೂ ಮೇಲಕ್ಕೆ ತರುತ್ತಿದ್ದ ಕಾಲುಮಾರ್ಗಗಳಲ್ಲಿ ಎಷ್ಟೋ ಇಂದು ಚಾರಣದ ಮಾರ್ಗಗಳಾಗಿವೆ. ಕೆಳದಿ ನಾಯಕರ ಕವಲೇದುರ್ಗ, ಚಾರ್ಮಾಡಿಯ ಮೇಲೆ ಎದ್ದು ನಿಂತ ಬಲ್ಲಾಳರಾಯನ ದುರ್ಗ ಇಂಥ ದಾರಿಗಳ ಮೇಲೆ ಕಣ್ಣಿಡಲೆಂದೇ ಎದ್ದ ಕೋಟೆಗಳೆಂಬುದು ಅವುಗಳ ನೆತ್ತಿಯಲ್ಲಿ ನಿಂತು ಕೆಳಗೆ ನೋಡಿದವರಿಗೆ ಅರ್ಥವಾಗುತ್ತದೆ.

ಗಿರಿಗದ್ದೆಯಿಂದ ಮೇಲೆ, ಅರಣ್ಯ ಇಲಾಖೆಯ ತಪಾಸಣಾ ಠಾಣೆಯನ್ನು ದಾಟಿ, ಕಲ್ಲುಮಂಟಪವನ್ನು ಹಾದು ಶೇಷಪರ್ವತದವರೆಗೂ ಬಹುಪಾಲು ಹುಲ್ಲುಗಾವಲೇ. ಬೆಟ್ಟದ ಬೆನ್ನು, ಏಣುಗಳ ಮೇಲೆ ಹುಲ್ಲು, ನೀರು ಹರಿದು ನಿಲ್ಲುವ ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಈ ಜೋಡಣೆಯನ್ನು ಸಸ್ಯಶಾಸ್ತ್ರಜ್ಞರು ಶೋಲಾ–ಹುಲ್ಲುಗಾವಲು ಎಂದು ಕರೆಯುತ್ತಾರೆ. ಇಲ್ಲಿನ ಶೋಲಾ ಮರಗಳು ಬೀಸುಗಾಳಿಗೆ ಎತ್ತರ ಬೆಳೆಯಲಾರದೆ ಗಂಟುಗಂಟಾಗಿ, ಮೈತುಂಬ ಪಾಚಿ ಮತ್ತು ಸೀತಾಳೆಯಂಥ ಆರ್ಕಿಡ್‌ಗಳನ್ನು ಹೊತ್ತು ನಿಂತಿರುತ್ತವೆ. ಮರವಿಲ್ಲದ ಇಳಿಜಾರನ್ನು ಕಂಡವರು ಇಲ್ಲಿ ಹಿಂದೆ ಕಾಡಿತ್ತು, ಯಾರೋ ಕಡಿದರು ಎಂದು ಭಾವಿಸುವುದು ಸಹಜ. ಬ್ರಿಟಿಷರ ಕಾಲದಿಂದಲೂ ಇಂಥ ನೆಲವನ್ನು ಬೋಳುಗುಡ್ಡ, ಪಾಳುಭೂಮಿ ಎಂದೇ ದಾಖಲಿಸಿದ್ದರಿಂದ ನೀಲಗಿರಿಯಿಂದ ಕುದುರೆಮುಖದವರೆಗೆ ಹಲವೆಡೆ ವ್ಯಾಟಲ್, ಅಕೇಶಿಯದಂಥ ಹೊರನಾಡಿನ ಮರಗಳನ್ನು ಹುಲ್ಲಿನ ಮೇಲೆ ನೆಡಲಾಯಿತು. ಆದರೆ ನೀಲಗಿರಿಯ ಜೌಗುಮಣ್ಣಿನ ಪದರಗಳಲ್ಲಿ ಉಳಿದ ಇಂಗಾಲವನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಇಪ್ಪತ್ತು ಸಾವಿರ ವರ್ಷಗಳಷ್ಟು ಹಿಂದೆಯೂ ಅಲ್ಲಿ ಹುಲ್ಲಿತ್ತು ಎಂಬುದಕ್ಕೆ ಸಾಕ್ಷ್ಯ ಸಿಕ್ಕಿದೆ. ಎತ್ತರದ ಘಟ್ಟಗಳ ಹುಲ್ಲುಗಾವಲು ಕಾಡಿನ ಶವವೆಂಬ ನಂಬಿಕೆಗೆ ಇದು ಬಲವಾದ ಉತ್ತರ. ಕಾಡಿನಷ್ಟೇ ಹಳೆಯದಾದ, ತನ್ನದೇ ಜೀವಿಗಳನ್ನು ಸಾಕುವ ನೆಲ ಅದು.

ನೀರಿನ ದೃಷ್ಟಿಯಿಂದ ಈ ನೆಲದ ಬೆಲೆ ಇನ್ನೂ ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದಿಂದ ಬೀಸುವ ನೈಋತ್ಯ ಮಾರುತವನ್ನು ಘಟ್ಟದ ಗೋಡೆ ಅಡ್ಡಗಟ್ಟಿ ಮೇಲಕ್ಕೆ ಎತ್ತುತ್ತದೆ. ಮೇಲೇರಿದ ಗಾಳಿ ತಣ್ಣಗಾಗಿ ತನ್ನ ತೇವವನ್ನೆಲ್ಲ ಪಡುವಣ ಮುಖದಲ್ಲೇ ಸುರಿದುಬಿಡುತ್ತದೆ. ಹೀಗೆ ನಾಲ್ಕು ತಿಂಗಳಲ್ಲಿ ಸುರಿದದ್ದನ್ನು ಉಳಿದ ಎಂಟು ತಿಂಗಳು ತೊಟ್ಟುತೊಟ್ಟಾಗಿ ಬಿಡುವ ಕೆಲಸ ಹುಲ್ಲಿನ ಒತ್ತಾದ ಬೇರುಜಾಲದ್ದು ಮತ್ತು ಶೋಲಾದ ಕಪ್ಪು ಮಣ್ಣಿನದು. ಮೇಲುನೋಟಕ್ಕೆ ಒಣಗಿದಂತೆ ಕಾಣುವ ಜನವರಿಯ ಹುಲ್ಲುಗುಡ್ಡದ ಮಡಿಕೆಗಳಲ್ಲಿ ಝರಿ ಹರಿಯುತ್ತಿರುವುದು ಈ ಕಾರಣದಿಂದ. ತುಂಗಾ ಮತ್ತು ಭದ್ರಾ ನದಿಗಳು ಕುದುರೆಮುಖದ ಬೆಟ್ಟಗಳ ನಡುವೆ ಗಂಗಾಮೂಲದಲ್ಲಿ ಹುಟ್ಟುತ್ತವೆ; ನೇತ್ರಾವತಿಯ ಮೂಲವೂ ಇದೇ ಬೆಟ್ಟಸಾಲು. ಮಂಗಳೂರಿನ ನಲ್ಲಿಗೂ ದಾವಣಗೆರೆಯ ಭತ್ತದ ಗದ್ದೆಗೂ ಹೋಗುವ ನೀರು ಮೊದಲು ಇಂಗುವುದು ಚಾರಣಿಗರು ಫೋಟೊ ತೆಗೆಸಿಕೊಳ್ಳುವ ಆ ಹುಲ್ಲಿನ ಬುಡದಲ್ಲಿ.

ಇಂಥ ನೆಲದ ಮೇಲೆ ಹೆಜ್ಜೆ ಏನು ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕಾದರೆ ಕುದುರೆಮುಖ ಶಿಖರದ ದಾರಿಯ ಯಾವುದಾದರೂ ಏರಿನಲ್ಲಿ ಬಗ್ಗಿ ಗಮನಿಸಿದರೆ ಸಾಕು. ಮೊದಲು ಒಂದಡಿ ಅಗಲದ ಗೆರೆಯಲ್ಲಿ ಹುಲ್ಲು ಸಾಯುತ್ತದೆ. ಬೂಟಿನ ಒತ್ತಡಕ್ಕೆ ಮಣ್ಣಿನ ಕಣಗಳ ನಡುವಣ ಗಾಳಿಯ ಸಂದುಗಳು ಮುಚ್ಚಿ ನೆಲ ಗಡುಸಾಗುತ್ತದೆ, ಆಗ ಮಳೆನೀರು ಇಂಗದೆ ಅದೇ ಗೆರೆಯನ್ನು ಕಾಲುವೆ ಮಾಡಿಕೊಂಡು ಹರಿಯತೊಡಗುತ್ತದೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಗೆರೆ ಮೊಣಕಾಲಿನಷ್ಟು ಆಳದ ಕೊರಕಲಾಗಿ, ತಳದಲ್ಲಿ ಕೆಂಪು ಜಂಬಿಟ್ಟಿಗೆ ಮತ್ತು ಸಡಿಲ ಹರಳುಗಲ್ಲು ಕಾಣಿಸಿಕೊಳ್ಳುತ್ತದೆ. ಗೋಡೆಯಂತೆ ನಿಂತ ಎರಡು ಬದಿಗಳಲ್ಲಿ ತುಂಡರಿಸಿದ ಹುಲ್ಲಿನ ಬೇರುಗಳು ಕೂದಲೆಳೆಗಳಂತೆ ಜೋತುಬಿದ್ದಿರುತ್ತವೆ. ಹರಳುಗಲ್ಲಿನಲ್ಲಿ ಕಾಲು ಜಾರುತ್ತದೆಂದು ಮುಂದಿನವರು ಕೊರಕಲನ್ನು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ, ಅಲ್ಲಿ ಎರಡನೆಯ ಗೆರೆ ಹುಟ್ಟುತ್ತದೆ, ಆಮೇಲೆ ಮೂರನೆಯದು. ಕಾನಿನಲ್ಲಿ ಗಿಡಗಂಟಿ ಮಾಡುತ್ತಿದ್ದ ಕಾವಲು ಕೆಲಸವನ್ನು ಬಯಲಿನಲ್ಲಿ ಮಾಡುವವರಿಲ್ಲ. ಹೀಗೆ ಒಂದೇ ಹಾದಿ ನಾಲ್ಕೈದು ಎಳೆಗಳಾಗಿ ಸೀಳಿ ಹೋದಮೇಲೆ ಆ ಇಳಿಜಾರಿನ ನೀರಿನ ದಿಕ್ಕೇ ಬದಲಾಗುತ್ತದೆ. ಮಡಿಕೆಯ ಶೋಲಾಕ್ಕೆ ಇಂಗಿ ಇಳಿಯಬೇಕಾದ ನೀರು ಮಣ್ಣನ್ನು ಹೊತ್ತು ನೇರ ಹಳ್ಳಕ್ಕೆ ಇಳಿದುಬಿಡುತ್ತದೆ.

ಪ್ಲಾಸ್ಟಿಕ್ ಬಾಟಲಿಯ ಬಗ್ಗೆ ಈಗ ಸಾಕಷ್ಟು ಅರಿವು ಮೂಡಿದೆ, ಕೆಲವು ಠಾಣೆಗಳಲ್ಲಿ ಚೀಲ ಬಿಚ್ಚಿಸಿ ನೋಡುತ್ತಾರೆ, ಸ್ವಯಂಸೇವಕರು ಕಸ ಹೆಕ್ಕುತ್ತಾರೆ. ಅದೆಲ್ಲ ಬೇಕಾದದ್ದೇ. ಆದರೆ ಕಸವನ್ನು ಒಂದು ಭಾನುವಾರದಲ್ಲಿ ಎತ್ತಬಹುದು, ಕೊಚ್ಚಿಹೋದ ಮಣ್ಣು ಮರಳಿ ಕೂಡುವುದಕ್ಕೆ ತಲೆಮಾರುಗಳು ಬೇಕು ಎಂಬ ವ್ಯತ್ಯಾಸ ಇನ್ನೂ ಚಾರಣದ ಚರ್ಚೆಯೊಳಗೆ ಬಂದಿಲ್ಲ.

ಜನಸಂದಣಿಯ ಪ್ರಶ್ನೆ ರಾಜ್ಯದ ಗಮನಕ್ಕೆ ಬಂದದ್ದು 2024ರ ಜನವರಿಯಲ್ಲಿ. ಗಣರಾಜ್ಯೋತ್ಸವದ ರಜೆಗೆ ವಾರಾಂತ್ಯವೂ ಕೂಡಿಬಂದಾಗ ಸಾವಿರಾರು ಮಂದಿ ಒಟ್ಟಿಗೆ ಕುಮಾರಪರ್ವತಕ್ಕೆ ಬಂದು, ತಪಾಸಣಾ ಠಾಣೆಯ ಮುಂದೆ ಸಾಲುಗಟ್ಟಿ ನಿಂತ ಚಿತ್ರಗಳು ನಾಡಿನಾದ್ಯಂತ ಹರಿದಾಡಿದವು. ಅದರ ಬೆನ್ನಿಗೇ ಅರಣ್ಯ ಇಲಾಖೆಯು ಆನ್‌ಲೈನ್ ಕಾಯ್ದಿರಿಸುವಿಕೆಯ ವ್ಯವಸ್ಥೆಯಿಲ್ಲದ ಹಾದಿಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಟಿಕೆಟ್ ನೀಡುವ ಏರ್ಪಾಡು ಬಂತು, ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು. ಪರ್ವತವನ್ನು ಏರುವುದಕ್ಕೂ ಟಿಕೆಟೇ ಎಂದು ಬೇಸರಗೊಂಡವರಿದ್ದಾರೆ, ಅವರ ಬೇಸರ ಅರ್ಥವಾಗುವಂಥದ್ದು. ಬೆಟ್ಟ ಯಾರ ಸ್ವತ್ತೂ ಅಲ್ಲವೆಂಬ ಭಾವನೆ ಚಾರಣದ ಹುರುಪಿನ ಭಾಗವೇ ಹೌದು. ಆದರೂ ಮಿತಿ ಬೇಕಿತ್ತು, ಮತ್ತು ಅದು ಬಂದದ್ದು ಒಳ್ಳೆಯದಾಯಿತು. ಕೊರತೆಯಿರುವುದು ಬೇರೆಡೆ. ಬಂಡೆಯ ಹಾದಿಗೂ ಹುಲ್ಲಿನ ಹಾದಿಗೂ, ಒಣಗಿದ ಡಿಸೆಂಬರಿಗೂ ನೆನೆದ ಅಕ್ಟೋಬರಿಗೂ ಒಂದೇ ಸಂಖ್ಯೆಯನ್ನು ಹಚ್ಚುವುದು ಆಡಳಿತಕ್ಕೆ ಸುಲಭವಾದರೂ ನೆಲದ ಸ್ವಭಾವಕ್ಕೆ ಹೊಂದುವುದಿಲ್ಲ. ನೆನೆದ ಇಳಿಜಾರಿನಲ್ಲಿ ನೂರು ಜೊತೆ ಬೂಟು ಮಾಡುವ ಗಾಯವನ್ನು ಗಟ್ಟಿ ನೆಲದ ಮೇಲೆ ಮುನ್ನೂರು ಜೊತೆಯೂ ಮಾಡಲಾರದು.

ಋತುವಿನ ಮಾತು ಬಂದಾಗ ಚಾರಣಿಗರ ಮನಸ್ಸಿಗೆ ಮೊದಲು ಬರುವುದು ಇಂಬಳ, ಅಂದರೆ ನೆಲದ ಜಿಗಣೆ. ತರಗೆಲೆಯ ಮೇಲೆ ಎದ್ದು ನಿಂತು ಬಿಸಿ ಉಸಿರು, ನೆಲದ ಅದುರುಗಳನ್ನು ಗ್ರಹಿಸಿ ಕಾಲಿಗೆ ಹತ್ತುವ ಈ ಜೀವಿ ಕಚ್ಚಿದ್ದು ತಿಳಿಯುವುದೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಜೊಲ್ಲಿನಲ್ಲಿರುವುದರಿಂದ ಅದು ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ಸುಣ್ಣ, ಉಪ್ಪು, ಹೊಗೆಸೊಪ್ಪಿನ ನೀರು ಮಲೆನಾಡಿಗರ ಹಳೆಯ ಉಪಾಯಗಳು, ಇಂದಿಗೂ ಅವೇ ಸಾಕು. ನಿಜಕ್ಕೂ ಹೆದರಬೇಕಾದದ್ದು ಇಂಬಳಕ್ಕಲ್ಲ, ಉಣುಗಿಗೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಾಣುವನ್ನು ಹರಡುವುದು ಈ ಸಾಸಿವೆ ಗಾತ್ರದ ಉಣುಗುಗಳ ಮರಿಗಳು. ಅವು ಹೆಚ್ಚಾಗುವ ಕಾಲ, ಅಂದರೆ ಸುಮಾರಾಗಿ ನವೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳು, ಚಾರಣದ ಋತುವೂ ಹೌದು. ಮೈಮುಚ್ಚುವ ಬಟ್ಟೆ ತೊಡುವುದು, ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲದಂಥ ನಿವಾರಕವನ್ನು ಹಚ್ಚಿಕೊಳ್ಳುವುದು, ತರಗೆಲೆಯ ಮೇಲೆ ಕುಳಿತುಕೊಳ್ಳದಿರುವುದು, ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸುವುದು, ಮರಳಿದ ಮೇಲೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಮೈ ಪರೀಕ್ಷಿಸಿಕೊಳ್ಳುವುದು ಅಗತ್ಯ. ನಂತರದ ದಿನಗಳಲ್ಲಿ ಏಕಾಏಕಿ ವಿಪರೀತ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಬೇಕು. ಚಾರಣದ ಜಾಹೀರಾತುಗಳಲ್ಲಿ ಇಂಬಳದ ಮಾತು ತಮಾಷೆಗಾದರೂ ಇರುತ್ತದೆ, ಮಂಗನ ಕಾಯಿಲೆಯ ಮಾತು ಇರುವುದು ಅಪರೂಪ. ಅದು ಇರಲೇಬೇಕು.

ಬೇಸಿಗೆಯಲ್ಲಿ ಹುಲ್ಲುಗಾವಲಿನ ಅಪಾಯ ಬೆಂಕಿ. ಫೆಬ್ರುವರಿಯ ಹೊತ್ತಿಗೆ ಸೊಂಟದೆತ್ತರ ಬೆಳೆದು ಒಣಗಿದ ಹುಲ್ಲಿಗೆ ಕಿಡಿ ತಾಗಿದರೆ ಗಾಳಿಯೊಂದಿಗೆ ಅದು ಏರಿನತ್ತ ಓಡುವ ವೇಗಕ್ಕೆ ಮನುಷ್ಯರ ಓಟ ಸಾಲದು, ಏಕೆಂದರೆ ಇಳಿಜಾರಿನಲ್ಲಿ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಸಿದ್ಧಮಾಡಿರುತ್ತದೆ. ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ 2018ರ ಮಾರ್ಚ್ 11ರಂದು ಚಾರಣಕ್ಕೆ ಹೋದ ತಂಡಗಳು ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಬೇಸಿಗೆಯಲ್ಲಿ ಅರಣ್ಯ ಇಲಾಖೆಯು ಹಾದಿಗಳನ್ನು ಮುಚ್ಚಿದಾಗ ಕಳ್ಳದಾರಿಯಲ್ಲಿ ನುಸುಳುವುದನ್ನೇ ಸಾಹಸವೆಂದು ಬಗೆಯುವವರು ಈ ಒಂದು ದುರಂತದ ವಿವರವನ್ನು ಓದಿಕೊಂಡರೆ ಸಾಕು.

ಇನ್ನು ಚಳಿಯ ವಿಷಯ. ದೇಹದ ಒಳ ತಾಪಮಾನ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಸ್ಥಿತಿಗೆ ಹೈಪೋಥರ್ಮಿಯಾ ಎನ್ನುತ್ತಾರೆ. ಇದು ಹಿಮದ ನಾಡಿನ ತೊಂದರೆ ಮಾತ್ರವೆಂಬ ಭಾವನೆ ತಪ್ಪು. ಒದ್ದೆ ಬಟ್ಟೆ ಮತ್ತು ಬೀಸುಗಾಳಿ ಜೊತೆಯಾದರೆ ಹದಿನೈದು ಡಿಗ್ರಿಯ ಹವೆಯಲ್ಲೂ ದೇಹದ ಬಿಸಿ ಸೋರಿಹೋಗುತ್ತದೆ, ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಜುಲೈ ತಿಂಗಳ ಶೇಷಪರ್ವತದ ಏಣಿನ ಮೇಲೆ ಈ ಎಲ್ಲ ಪರಿಸ್ಥಿತಿಯೂ ಒದಗಿಬರುತ್ತದೆ. ಹತ್ತಿಯ ಬಟ್ಟೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೆಟ್ಟದ ಮಳೆಗೆ ಅದು ಶತ್ರು. ಚೀಲದೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಒಂದು ಜೊತೆ ಒಣ ಬಟ್ಟೆ ಯಾವ ದುಬಾರಿ ಸಲಕರಣೆಗಿಂತಲೂ ಹೆಚ್ಚಿನ ರಕ್ಷಣೆ. ಕೆಳಗೆ ಬಿಸಿಲಿದ್ದಾಗಲೇ ಮೇಲಿನ ಮಳೆಗೆ ಹಳ್ಳ ಉಕ್ಕುವುದು ಘಟ್ಟದಲ್ಲಿ ಮಾಮೂಲು. ಬೆಳಿಗ್ಗೆ ಪಾದ ಮುಳುಗುವಷ್ಟು ನೀರಿದ್ದ ಹಳ್ಳ ಸಂಜೆ ದಾಟಲಾಗದಂತೆ ಕೆಂಪಾಗಿ ಹರಿಯುತ್ತಿದ್ದರೆ, ಅದು ಇಳಿಯುವವರೆಗೆ ಈಚೆಯೇ ಕಾಯುವುದು ಬಿಟ್ಟು ಬೇರೆ ಉಪಾಯವಿಲ್ಲ. ಘಟ್ಟದಲ್ಲಿ ಪಳಗಿದ ಕಾಲು ಹಿಮಾಲಯಕ್ಕೂ ಸಾಕೆಂದು ನಂಬುವವರೂ ಇದ್ದಾರೆ. ಉತ್ತರಾಖಂಡದ ಸಹಸ್ರತಾಲ್‌ಗೆ 2024ರ ಜೂನ್‌ನಲ್ಲಿ ಹೋಗಿದ್ದ, ಕರ್ನಾಟಕದವರೇ ಬಹುಪಾಲಿದ್ದ 22 ಮಂದಿಯ ತಂಡವನ್ನು ನಾಲ್ಕು ಸಾವಿರ ಮೀಟರಿಗೂ ಮೇಲೆ ಹಿಮಗಾಳಿ ಸುತ್ತುವರಿದಾಗ ಒಂಬತ್ತು ಮಂದಿ ಅಸುನೀಗಿದರು. ಸುಮಾರು 2,500 ಮೀಟರಿನಿಂದ ಮೇಲೆ ಗಾಳಿಯಲ್ಲಿ ದೊರೆಯುವ ಆಮ್ಲಜನಕ ಕಡಿಮೆಯಾಗುವುದರಿಂದ ದೇಹ ಹೊಂದಿಕೊಳ್ಳಲು ದಿನಗಳೇ ಬೇಕು. ಕರ್ನಾಟಕದ ಯಾವ ಶಿಖರವೂ ಆ ಪಾಠವನ್ನು ಕಲಿಸಲಾರದು, ಏಕೆಂದರೆ ಯಾವುದೂ ಅಷ್ಟು ಎತ್ತರವಿಲ್ಲ.

ಘಟ್ಟದ ನಡಿಗೆಯ ಇತಿಹಾಸದಲ್ಲಿ ರೈಲುಹಳಿಗಳಿಗೂ ಒಂದು ಸ್ಥಾನವಿದೆ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಸುಮಾರು 55 ಕಿಲೋಮೀಟರ್ ಮಾರ್ಗದಲ್ಲಿ 57 ಸುರಂಗಗಳೂ 109 ಸೇತುವೆಗಳೂ ಇವೆ. 1979ರಲ್ಲಿ ಪೂರ್ಣಗೊಂಡಿದ್ದ ಮೀಟರ್‌ಗೇಜ್ ಹಳಿಯನ್ನು ಬ್ರಾಡ್‌ಗೇಜಿಗೆ ಬದಲಿಸಲು 1996ರಿಂದ ರೈಲು ನಿಂತಿದ್ದ ವರ್ಷಗಳಲ್ಲಿ ಒಂದು ತಲೆಮಾರಿನ ಕನ್ನಡದ ಯುವಜನ ಚಾರಣದ ರುಚಿ ಕಂಡದ್ದು ದೋಣಿಗಲ್ಲಿನಿಂದ ಎಡಕುಮೇರಿಯ ಕಡೆಗೆ ಈ ಹಳಿಯ ಮೇಲೆ ನಡೆದೇ. ರೈಲು ಮತ್ತೆ ಓಡತೊಡಗಿದ ಮೇಲೆ ಅಲ್ಲಿ ನಡೆಯುವುದು ಕಾನೂನಿಗೂ ಜೀವಕ್ಕೂ ವಿರುದ್ಧ. ಹಳೆಯ ನೆನಪಿನ ಬಲದಿಂದ ಈಗಲೂ ಅದನ್ನು ಶಿಫಾರಸು ಮಾಡುವುದು ಸಲ್ಲದು.

ನೆಲಕ್ಕೆ ಆದ ಗಾಯ ಮಾಯುವುದು ಎಷ್ಟು ನಿಧಾನವೆಂಬುದನ್ನು ಕಾಣಲು ಕುದುರೆಮುಖಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿನ ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಸ್ಥಾಪನೆಯಾಗಿ, ಭದ್ರೆಯ ಮೇಲ್ಕಣಿವೆಯ ಹುಲ್ಲುಬೆಟ್ಟಗಳನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದು ಮ್ಯಾಗ್ನೆಟೈಟ್ ಅದಿರನ್ನು ತೆಗೆಯಿತು. ಅದಿರು ಬೇರ್ಪಡಿಸಿದ ಮೇಲೆ ಉಳಿದ ನುಣ್ಣನೆಯ ಮಣ್ಣಿನ ರಾಡಿಯನ್ನು ತಡೆದಿಡಲು ಲಕ್ಯಾ ಅಣೆಕಟ್ಟು ಎದ್ದಿತು. ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ಪ್ರದೇಶ 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದರೂ ಗಣಿ ನಡೆಯುತ್ತಲೇ ಇತ್ತು. ಜನರ ಹೋರಾಟ ಮತ್ತು ನ್ಯಾಯಾಲಯದ ಮೊಕದ್ದಮೆಗಳ ನಂತರ ಸುಪ್ರೀಂ ಕೋರ್ಟ್ 2002ರಲ್ಲಿ ನೀಡಿದ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಅಂದಿನಿಂದ ಇಂದಿಗೆ ಎಷ್ಟೋ ಮಳೆಗಾಲಗಳು ಕಳೆದಿವೆ. ಕಡಿದ ಮೆಟ್ಟಿಲುಗಳು ಇನ್ನೂ ಕಣ್ಣಿಗೆ ರಾಚುತ್ತವೆ. ಗಣಿಗೂ ಚಾರಣಕ್ಕೂ ಹೋಲಿಕೆಯಿಲ್ಲ, ಆದರೆ ಎರಡೂ ಮುಟ್ಟಿದ್ದು ಅದೇ ತೆಳುವಾದ ಮಣ್ಣನ್ನು.

ಅದೇ ಉದ್ಯಾನದ ಮತ್ತೊಂದು ಮಗ್ಗುಲಲ್ಲಿ, ಕಳಸ–ಸಂಸೆಯ ಕಡೆಯ ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಹೋಗಿಬರುವ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿದ ಹಾದಿಯಿದೆ. ಅನುಮತಿಯಿಲ್ಲದೆ ಪ್ರವೇಶವಿಲ್ಲ, ಮಾರ್ಗದರ್ಶಿಯನ್ನು ಕರೆದೊಯ್ಯುವುದು ಕಡ್ಡಾಯ, ಬೆಟ್ಟದ ಮೇಲೆ ರಾತ್ರಿ ತಂಗುವಂತಿಲ್ಲ. ಜೀಪು ಓಡಿಸುವವರು, ಮನೆಯ ಕೋಣೆಯನ್ನು ಅತಿಥಿಗಳಿಗೆ ಬಿಟ್ಟುಕೊಡುವವರು, ಮುಂದೆ ನಡೆದು ದಾರಿ ತೋರಿಸುವವರು ಬಹುಮಟ್ಟಿಗೆ ಅಲ್ಲಿನವರೇ. ಕಾಟಿಯ ಹಿಂಡು ಯಾವ ಮಡಿಕೆಯಲ್ಲಿ ಮೇಯುತ್ತಿರಬಹುದು, ಮಂಜು ಯಾವ ಹೊತ್ತಿಗೆ ಏಣನ್ನು ಮುಚ್ಚುತ್ತದೆ, ಯಾವ ಹಳ್ಳ ಎಷ್ಟು ಮಳೆಗೆ ಏರುತ್ತದೆ ಎಂಬ ತಿಳಿವಳಿಕೆ ಯಾವ ನಕ್ಷೆಯಲ್ಲೂ ಇಲ್ಲ, ಇವರಲ್ಲಿದೆ. ನೂರಾರು ಜನರ ಹಿಂದೆ ದಿನವಿಡೀ ಓಡಾಡುವ ಇವರನ್ನು ಟಿಕೆಟ್ ತಪಾಸಣೆಯ ಕೈಯಾಳುಗಳಂತೆ ಬಳಸಿಕೊಳ್ಳುವುದಕ್ಕಿಂತ ಹಾದಿಯ ಪಾಲಕರನ್ನಾಗಿ ನೇಮಿಸಿಕೊಳ್ಳುವುದರಲ್ಲಿ ಅರ್ಥವಿದೆ.

ಕೊರಕಲುಬಿದ್ದ ಹಾದಿಯನ್ನು ಸರಿಪಡಿಸುವ ವಿದ್ಯೆ ಕಠಿಣವಾದುದಲ್ಲ. ಇಳಿಜಾರಿಗೆ ಓರೆಯಾಗಿ ಅಲ್ಲಲ್ಲಿ ಕಲ್ಲಿನ ಪಟ್ಟಿ ಹೂತರೆ ಹರಿವ ನೀರು ಹಾದಿಯನ್ನು ಬಿಟ್ಟು ಪಕ್ಕದ ಹುಲ್ಲಿಗೆ ತಿರುಗುತ್ತದೆ; ನೇರ ಏರುವ ತುಣುಕುಗಳನ್ನು ಬಳಸಿ ಸುತ್ತುವಂತೆ ಮಾಡಿದರೆ ನೀರಿನ ರಭಸ ತಗ್ಗುತ್ತದೆ; ಪಕ್ಕದ ಎಳೆಗಳಿಗೆ ಕಲ್ಲು ಅಡ್ಡವಿಟ್ಟು ಎರಡು ಮೂರು ವರ್ಷ ಯಾರೂ ತುಳಿಯದಂತೆ ನೋಡಿಕೊಂಡರೆ ಅಂಚಿನ ಹುಲ್ಲು ತಾನೇ ಒಳಕ್ಕೆ ಹಬ್ಬುತ್ತದೆ. ಟಿಕೆಟ್ ಹಣದ ಒಂದು ನಿಶ್ಚಿತ ಪಾಲನ್ನು ಪ್ರತಿ ಹಾದಿಗೆ ಮೀಸಲಿಟ್ಟು, ಮಳೆ ನಿಂತ ಮೇಲೆ ಮಣ್ಣು ಇನ್ನೂ ಮೆತ್ತಗಿರುವ ಕೆಲವು ವಾರ ಹಾದಿಯನ್ನು ಮುಚ್ಚಿ, ಡಿಸೆಂಬರಿನ ರಜೆಯ ಸಂದಣಿ ಆರಂಭವಾಗುವ ಮೊದಲೇ ಮುಳ್ಳೋಡಿ, ಗಿರಿಗದ್ದೆ, ಬೀದಳ್ಳಿಗಳ ಸುತ್ತಲಿನವರಿಂದ ಕೂಲಿ ಕೊಟ್ಟು ಈ ಕೆಲಸವನ್ನು ಮಾಡಿಸಬಹುದು. ಅದಕ್ಕೆ ಬೇಕಾದ ಕಲ್ಲು ಹಾದಿಯಲ್ಲೇ ಬಿದ್ದಿದೆ, ಬಲ್ಲ ಕೈಗಳು ಅಲ್ಲೇ ಇವೆ.